ಹನೋಯ್‌ನಲ್ಲಿ ಒಂದು ದಿನ ನಾನೊಬ್ಬಳೇ: ಹೊರಗೆ ಹೊರಡಲೋ, ರೂಮಿನಲ್ಲೇ ಇರಲೋ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ, 62 ವರ್ಷ. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ತಂಗಿಯ ಮಗಳು ಮತ್ತು ಅವಳ ಗಂಡ ನವೆಂಬರ್ ಮೂರನೇ ವಾರ ವಿಯೆಟ್ನಾಂಗೆ ಹೊರಟಿದ್ದಾರೆ. ‘ನೀನೂ ಬಾ ದೊಡ್ಡಮ್ಮ, ಮನೇಲಿ ಒಬ್ಬಳೇ ಕೂತು ಏನು ಮಾಡ್ತೀಯ’ ಎಂದು ಹಟ ಹಿಡಿದು ನನಗೂ ಟಿಕೆಟ್ ಮಾಡಿಸಿದ್ದಾರೆ. ಹನೋಯ್‌ನಲ್ಲಿ ನಾಲ್ಕು ದಿನ. ಅದರ ನಡುವೆ ಅವರಿಬ್ಬರೂ ಹಾ ಲಾಂಗ್ ಕೊಲ್ಲಿಗೆ ಹೋಗಿ, ಹಡಗಿನಲ್ಲೇ ರಾತ್ರಿ ಉಳಿದು, ಮರುದಿನ ಸಂಜೆ ವಾಪಸಾಗುತ್ತಾರೆ. ನನಗೆ ನೀರಿನ ಮೇಲಿನ ಪ್ರಯಾಣ ಆಗುವುದಿಲ್ಲ. ಹಿಂದೆ ಸಿಗಂದೂರಿನ ಲಾಂಚಿನಲ್ಲೇ ವಾಂತಿ ಮಾಡಿಕೊಂಡವಳು. ಹಾಗಾಗಿ ಅಷ್ಟು ಹೊತ್ತು ನಾನೊಬ್ಬಳೇ.

ಪುಣೆಯಲ್ಲಿರುವ ಮಗ, ‘ಅಮ್ಮ, ರೂಮಲ್ಲೇ ಟಿವಿ ನೋಡ್ಕೊಂಡು ರೆಸ್ಟ್ ತಗೋ, ಒಬ್ಬಳೇ ಹೊರಗೆ ಹೋಗ್ಬೇಡ’ ಅಂದ. ಕೇಳಿ ಸಿಟ್ಟು ಬಂತು. ಆದರೆ ಭಯವೂ ಇದೆ. ಇಲ್ಲಿ ಹಾಸನದಲ್ಲಿ ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ. ಗೊತ್ತಿಲ್ಲದ ಊರಿನಲ್ಲಿ ಮಾತ್ರ ಒಬ್ಬಳೇ ನಡೆದವಳಲ್ಲ. ಇವರಿದ್ದಾಗ ಎಲ್ಲಾ ಇವರೇ ನೋಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ತಡವರಿಸುತ್ತೇನೆ. ಶುದ್ಧ ಸಸ್ಯಾಹಾರಿ. ಅಲ್ಲಿ ರಸ್ತೆ ದಾಟುವ ವಿಡಿಯೊ ನೋಡಿದಾಗ ಎದೆ ಝಲ್ಲೆಂದಿತು. ದಾರಿ ತಪ್ಪಿದರೆ ಯಾರನ್ನು ಕೇಳಲಿ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?
(ಹೆಸರು ಬೇಡ, ಹಾಸನ)

ಉತ್ತರ: ಟೀಚರಮ್ಮ, ನಿಮ್ಮ ಕಡೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಕು. ಬೇಡವಾಗಿದ್ದರೆ ಮಗ ‘ರೂಮಲ್ಲೇ ಇರು’ ಅಂದಾಗ ನಿಮಗೆ ನಿರಾಳವಾಗಬೇಕಿತ್ತು. ಸಿಟ್ಟು ಬಂತು ಎಂದು ಬರೆದಿದ್ದೀರಿ. ಉತ್ತರ ನಿಮಗೆ ಆಗಲೇ ಗೊತ್ತಿದೆ.

ನಿಮ್ಮ ಪತ್ರದಲ್ಲಿ ಎರಡು ಥರದ ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ರಸ್ತೆ, ಊಟ, ದಾರಿ ತಪ್ಪುವುದು ಇವು ಆ ಊರಿನ ಭಯಗಳು. ಒಂದೊಂದಕ್ಕೂ ಉಪಾಯವಿದೆ, ಮುಂದೆ ಹೇಳುತ್ತೇನೆ. ಎರಡನೆಯದನ್ನು ನೀವು ನೇರವಾಗಿ ಹೇಳಿಲ್ಲ. ಎಲ್ಲಿಗೆ ಹೋಗುವುದು, ಎಷ್ಟು ಹೊತ್ತು ಕೂರುವುದು, ಏನು ತಿನ್ನುವುದು, ಯಾವಾಗ ಸಾಕು ಅನ್ನುವುದು ಇದನ್ನೆಲ್ಲ ನೀವೊಬ್ಬರೇ ತೀರ್ಮಾನಿಸಿದ ದಿನಗಳು ನಿಮಗೆ ಹೆಚ್ಚು ಸಿಕ್ಕಿಲ್ಲ. ಶಾಲೆಯಲ್ಲಿ ಟೈಂಟೇಬಲ್ ತೀರ್ಮಾನಿಸಿತು, ಪ್ರವಾಸದಲ್ಲಿ ಯಜಮಾನರು, ಈಗ ಮಕ್ಕಳು. ಮೂವತ್ತು ನಲವತ್ತು ಮಕ್ಕಳ ತರಗತಿಯನ್ನು ವರ್ಷಾನುಗಟ್ಟಲೆ ಹಿಡಿದು ಕೂರಿಸಿದವರಿಗೆ ಧೈರ್ಯ ಇಲ್ಲ ಎಂದು ನಾನು ಒಪ್ಪುವುದಿಲ್ಲ. ಅಭ್ಯಾಸ ಇಲ್ಲ, ಅಷ್ಟೆ. ಅದನ್ನು ಹನೋಯ್‌ನಲ್ಲಿ ಶುರು ಮಾಡಬೇಡಿ, ಹಾಸನದಲ್ಲೇ ಶುರು ಮಾಡಿ.

ಹೊರಡುವುದಕ್ಕೆ ಮುಂಚೆ ಒಂದು ಭಾನುವಾರ ಒಬ್ಬರೇ ರೈಲು ಹತ್ತಿ ಮೈಸೂರಿಗೆ ಹೋಗಿ. ಪರಿಚಿತರ ಮನೆಗೆ ಹೋಗಬೇಡಿ, ಯಾರಿಗೂ ಫೋನ್ ಮಾಡಬೇಡಿ. ಜಗನ್ಮೋಹನ ಅರಮನೆಯ ಚಿತ್ರಗಳನ್ನು ನಿಮಗೆ ಬೇಕಾದಷ್ಟು ಹೊತ್ತು ನೋಡಿ. ಹೋಟೆಲಿನಲ್ಲಿ ಒಬ್ಬರೇ ಒಂದು ಟೇಬಲ್ ಹಿಡಿದು ಊಟ ಮಾಡಿ. ‘ಎಷ್ಟು ಜನ’ ಎಂದು ಮಾಣಿ ಕೇಳಿದರೆ ‘ಒಬ್ಬಳೇ’ ಅನ್ನಿ. ಒಂದು ಸಲ ಬೇಕೆಂದೇ ಗೊತ್ತಿಲ್ಲದ ಬೀದಿಗೆ ತಿರುಗಿ, ಮೊಬೈಲಿನ ನಕ್ಷೆ ನೋಡಿಕೊಂಡು ವಾಪಸು ಬನ್ನಿ. ನೀವು ಹೋಗುವುದು ಮೈಸೂರು ನೋಡಲಿಕ್ಕಲ್ಲ. ಒಬ್ಬರೇ ಕೂತಾಗ ಆಗುವ ಮುಜುಗರ ಎಷ್ಟು ಬೇಗ ಕರಗುತ್ತದೆ ಎಂದು ನೋಡಲಿಕ್ಕೆ. ಸಾಮಾನ್ಯವಾಗಿ ಮೊದಲ ಕಾಫಿ ಮುಗಿಯುವಷ್ಟರಲ್ಲಿ ಕರಗಿರುತ್ತದೆ.

ಈಗ ಹನೋಯ್‌ಗೆ ಬರೋಣ. ಮೊದಲು ತಂಗಿಯ ಮಗಳಿಗೆ ಒಂದು ಮಾತು ಹೇಳಿ: ಸಾಧ್ಯವಾದರೆ ಹಾ ಲಾಂಗ್‌ಗೆ ಶನಿವಾರ ಹೋಗಿ ಭಾನುವಾರ ಬರುವಂತೆ ನೋಡಿಕೊಳ್ಳಲಿ. ಊರ ನಡುವೆ ಹೊವಾನ್ ಕಿಯೆಮ್ ಎಂಬ ಕೆರೆ ಇದೆ. 2016ರಿಂದ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಆ ಕೆರೆಯ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ನಿಮ್ಮ ಅರ್ಧ ಭಯ ಅಲ್ಲಿಗೆ ಮುಗಿಯಿತು. ಹೋಟೆಲೂ ಆ ಕೆರೆಗೆ ಕಾಲ್ನಡಿಗೆಯ ದೂರದಲ್ಲೇ ಇರಲಿ. ದಾರಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಉಪಾಯ ಇಲ್ಲ: ಕೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಊರು ಗೊತ್ತಿದ್ದ ಹಾಗೆ. ಕೆರೆಯ ಉತ್ತರಕ್ಕೆ ಹಳೇ ಪೇಟೆ, ದಕ್ಷಿಣಕ್ಕೆ ಫ್ರೆಂಚರು ಕಟ್ಟಿದ ಅಗಲ ರಸ್ತೆಗಳ ಬಡಾವಣೆ.

ಉಳಿದ ದಿನ, ಉಳಿದ ಬೀದಿಗಳಲ್ಲಿ ರಸ್ತೆ ದಾಟಲೇಬೇಕಲ್ಲ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಾವು ರೂಢಿಯಂತೆ ಮೊದಲು ಬಲಕ್ಕೆ ನೋಡಿದರೆ ಎಡದಿಂದ ಬರುವುದು ಕಾಣುವುದಿಲ್ಲ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ನೋಡಿ. ಬೈಕುಗಳ ಸಾಲು ಪೂರ್ತಿ ನಿಲ್ಲಲಿ ಎಂದು ಕಾದರೆ ಸಂಜೆಯಾಗುತ್ತದೆ. ಶಾಲೆಯ ಕೊನೆಯ ಗಂಟೆ ಹೊಡೆದಾಗ ಮಕ್ಕಳೆಲ್ಲ ಬಾಗಿಲಿಗೆ ನುಗ್ಗುವಾಗ ನೀವು ಎದುರಿನಿಂದ ಹೇಗೆ ನಡೆದು ಬರುತ್ತಿದ್ದಿರಿ? ಓಡುತ್ತಿರಲಿಲ್ಲ, ಹಿಂದೆ ಸರಿಯುತ್ತಿರಲಿಲ್ಲ, ಒಂದೇ ಹದದಲ್ಲಿ ನಡೆಯುತ್ತಿದ್ದಿರಿ; ಅವರೇ ಎರಡೂ ಬದಿಗೆ ಸರಿದು ಹೋಗುತ್ತಿದ್ದರು. ಹನೋಯ್‌ನ ಬೈಕ್ ಸವಾರರೂ ಅಷ್ಟೇ. ನಿಮ್ಮ ಹೆಜ್ಜೆಯ ವೇಗ ನೋಡಿ ಅವರು ದಾರಿ ಲೆಕ್ಕ ಹಾಕುತ್ತಾರೆ. ಥಟ್ಟನೆ ನಿಂತರೆ ಅಥವಾ ಹಿಂದಕ್ಕೆ ಜಿಗಿದರೆ ಆ ಲೆಕ್ಕ ತಪ್ಪುತ್ತದೆ. ಈ ಮಾತು ಬೈಕುಗಳಿಗೆ ಮಾತ್ರ. ಕಾರು, ಬಸ್ಸು ಬಂದರೆ ನಿಂತು ಬಿಟ್ಟುಕೊಡಿ. ಮೊದಲೆರಡು ಸಲ ಅಲ್ಲಿಯವರೇ ಯಾರಾದರೂ ದಾಟುವಾಗ ಅವರ ಪಕ್ಕದಲ್ಲಿ, ಬೈಕುಗಳು ಬರುವ ಕಡೆಗೆ ಅವರಿರುವಂತೆ ನೋಡಿಕೊಂಡು ನಡೆಯಿರಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸಂಜೆ ಐದರಿಂದ ಆರೂವರೆ ಆಫೀಸು ಬಿಡುವ ಹೊತ್ತು. ಆಗ ದೊಡ್ಡ ರಸ್ತೆ ದಾಟುವ ಕೆಲಸ ಇಟ್ಟುಕೊಳ್ಳಬೇಡಿ.

ಇನ್ನು ಊಟ. ‘ಚಾಯ್’ ಎಂಬ ಪದ ಕಲಿತುಕೊಳ್ಳಿ. ಅಂಗಡಿಯ ಬೋರ್ಡಿನ ಮೇಲೆ ಅದಿದ್ದರೆ ಅದು ಸಸ್ಯಾಹಾರದ ಜಾಗ. ‘ತೋಯ್ ಅನ್ ಚಾಯ್’ ಅಂದರೆ ನಾನು ಸಸ್ಯಾಹಾರಿ ಎಂದು. ಉಚ್ಚಾರದ ಏರಿಳಿತ ತಪ್ಪಿದರೆ ಅರ್ಥವಾಗದೇ ಹೋಗಬಹುದು. ಹೋಟೆಲಿನವರ ಕೈಲಿ ಅವರ ಲಿಪಿಯಲ್ಲೇ ಒಂದು ಚೀಟಿ ಬರೆಸಿಕೊಳ್ಳಿ: ‘ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮೀನಿನ ಸಾಸ್ ಹಾಕಬೇಡಿ.’ ಕೊನೆಯ ಮಾತು ಮುಖ್ಯ. ನುವೊಕ್ ಮಾಮ್ ಎಂಬ ಆ ಸಾಸ್ ಅಲ್ಲಿ ಬರೀ ಸೊಪ್ಪು ತರಕಾರಿಗೂ ಬೀಳುತ್ತದೆ. ‘ಫೊ’ ಎಂಬ ಶ್ಯಾವಿಗೆ ಸಾರು ನೋಡಲು ಎಷ್ಟು ತಿಳಿಯಾಗಿದ್ದರೂ ಮೂಳೆ ಬೇಯಿಸಿ ಇಳಿಸಿದ್ದು. ಚಾಯ್ ಅಂಗಡಿಯಲ್ಲಿ ಬಿಟ್ಟು ಬೇರೆಡೆ ಬೇಡ. ಬೀದಿಯಲ್ಲಿ ಮಾರುವ ‘ಸೋಯ್’, ಅಂದರೆ ಹೆಸರುಬೇಳೆಯನ್ನೋ ಕಡಲೆಕಾಯಿಯನ್ನೋ ಸೇರಿಸಿ ಹಬೆಯಲ್ಲಿ ಬೇಯಿಸಿದ ಅಂಟಕ್ಕಿ, ನಿಮಗೆ ಹಿಡಿಸಬಹುದು. ಮೇಲೆ ಕೊಬ್ಬು ಸುರಿಯುವ ಮುಂಚೆ ಚೀಟಿ ತೋರಿಸಿ. ಬೌದ್ಧ ಸಂಪ್ರದಾಯದವರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀವಲ್ಲಿದ್ದರೆ ಚಾಯ್ ಊಟ ಇನ್ನೂ ಸುಲಭವಾಗಿ ಸಿಗುತ್ತದೆ. ಹಳೇ ಪೇಟೆಯಲ್ಲಿ ಭಾರತೀಯ ಹೋಟೆಲುಗಳೂ ಇವೆ. ಚೀಲದಲ್ಲಿ ಒಂದು ಪೊಟ್ಟಣ ಖಾರದ ಅವಲಕ್ಕಿ ಇದ್ದರೆ ಮನಸ್ಸಿಗೂ ಧೈರ್ಯ.

ದಿನವನ್ನು ಹೇಗೆ ಕಳೆಯುವುದು? ನೋಡಬೇಕಾದ ಇಪ್ಪತ್ತು ಜಾಗಗಳ ಪಟ್ಟಿಯನ್ನು ಯಾರಾದರೂ ಕಳಿಸುತ್ತಾರೆ, ಅದನ್ನು ಬದಿಗಿಡಿ. ಎರಡೇ ಜಾಗ ಮತ್ತು ಒಂದು ಕೆರೆ ಸಾಕು. ನಡಿಗೆ ಎಲ್ಲ ಸೇರಿ ನಿಮ್ಮ ದಿನನಿತ್ಯದ ಐದಾರು ಕಿಲೋಮೀಟರ್ ದಾಟುವುದಿಲ್ಲ.

ಬೆಳಗ್ಗೆ ಆರಕ್ಕೆ ಕೆರೆಗೆ ಹೋಗಿ. ನಿಮ್ಮ ವಯಸ್ಸಿನ ಹೆಂಗಸರು ಗುಂಪುಗುಂಪಾಗಿ ಹಾಡು ಹಾಕಿಕೊಂಡು ವ್ಯಾಯಾಮ ಮಾಡುತ್ತಿರುತ್ತಾರೆ. ಕೆರೆಯ ಒಂದು ಸುತ್ತು ಸುಮಾರು ಒಂದೂ ಮುಕ್ಕಾಲು ಕಿಲೋಮೀಟರ್. 15ನೇ ಶತಮಾನದಲ್ಲಿ ಚೀನಾದ ಮಿಂಗ್ ಸೈನ್ಯವನ್ನು ಓಡಿಸಿದ ಲೆ ಲೋಯ್, ಗೆದ್ದ ಮೇಲೆ ತನ್ನ ದಿವ್ಯ ಖಡ್ಗವನ್ನು ಈ ಕೆರೆಯ ಆಮೆಗೆ ಹಿಂದಿರುಗಿಸಿದ ಎಂಬುದು ಐತಿಹ್ಯ. ಕೆರೆಯಲ್ಲಿ ನಿಜಕ್ಕೂ ದೈತ್ಯ ಆಮೆಯೊಂದಿತ್ತು. 2016ರ ಜನವರಿಯಲ್ಲಿ ಸತ್ತಿತು. ಕೆಂಪು ಮರದ ಸೇತುವೆ ದಾಟಿದರೆ ಸಿಗುವ ಙೊಕ್ ಸೋನ್ ದೇವಾಲಯದಲ್ಲಿ ಆ ಆಮೆಯ ಕಾಯವನ್ನು ಕೆಡದಂತೆ ಕಾಪಿಟ್ಟಿದ್ದಾರೆ. ಬಾಗಿಲು ತೆರೆದಿದ್ದರೆ ನೋಡಿ. ಅಲ್ಲಿಂದ ಹೋಟೆಲಿಗೆ ಬಂದು ತಿಂಡಿ ತಿಂದು, ಹತ್ತು ನಿಮಿಷ ಕಾಲು ಚಾಚಿ.

ಒಂಬತ್ತೂವರೆಗೆ ವನ್ ಮಿಯೆವ್. ಪ್ರವಾಸಿಗರು ಇದನ್ನು ಸಾಹಿತ್ಯ ದೇಗುಲ ಎನ್ನುತ್ತಾರೆ. ಕೆರೆಯಿಂದ ಎರಡು ಕಿಲೋಮೀಟರ್ ಆಸುಪಾಸು, ಕಾರಿನಲ್ಲೇ ಹೋಗಿ. ನಮ್ಮ ಓಲಾ, ಊಬರ್ ಇದ್ದಂತೆ ಅಲ್ಲಿ ಗ್ರ್ಯಾಬ್ ಎಂಬ ಆ್ಯಪ್ ಇದೆ, ಬಾಡಿಗೆ ಮೊದಲೇ ತೋರಿಸುತ್ತದೆ. ಒಟಿಪಿ ತಾಪತ್ರಯ ಬೇಡವೆಂದರೆ ಹಾಸನದಲ್ಲೇ ಅದನ್ನು ಹಾಕಿಸಿ ನೋಂದಾಯಿಸಿಕೊಳ್ಳಿ. ಹೆಸರು ಹೇಳಲು ತೊಡಕಾದರೆ 1,00,000 ಡಾಂಗ್‌ನ ಹಸಿರು ನೋಟು ತೋರಿಸಿ. ಅದರ ಹಿಂಬದಿಯಲ್ಲಿ ಇರುವುದು ಇದೇ ಜಾಗದ ಚಿತ್ರ.

ಟೀಚರಾಗಿದ್ದವರು ಹನೋಯ್‌ಗೆ ಹೋಗಿ ಇದನ್ನು ನೋಡದೆ ಬರಬಾರದು. 1070ರಲ್ಲಿ ಕಟ್ಟಿದ ಕನ್ಫ್ಯೂಷಿಯಸ್‌ನ ಗುಡಿ. 1076ರಲ್ಲಿ ಇಲ್ಲೇ ರಾಜಮನೆತನದವರಿಗೆ ಶಾಲೆ ತೆರೆದರು, ಅದು ಮುಂದೆ ದೇಶದ ದೊಡ್ಡ ವಿದ್ಯಾಪೀಠವಾಗಿ ಬೆಳೆಯಿತು. ಒಂದರ ಹಿಂದೊಂದು ಐದು ಅಂಗಳಗಳು. ಮೂರನೆಯದರಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ. 1442ರಿಂದ 1779ರವರೆಗೆ ನಡೆದ ಅತ್ಯುನ್ನತ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರು, ಹುಟ್ಟೂರು ಅವುಗಳ ಮೇಲಿವೆ. ಪರೀಕ್ಷೆಯ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಅಂಟಿಸದೆ ಕಲ್ಲಿನಲ್ಲಿ ಕೆತ್ತಿಸಿದ ದೇಶ. ಒಳ್ಳೆಯ ಅಂಕ ಬರಲಿ ಎಂದು ವಿದ್ಯಾರ್ಥಿಗಳು ಆಮೆಗಳ ತಲೆ ಸವರಿ ಸವರಿ ನುಣುಪು ಮಾಡಿಬಿಟ್ಟಿದ್ದರು. ಈಗ ಮುಟ್ಟಲು ಬಿಡುವುದಿಲ್ಲ. ಹಿಂದಿನ ಅಂಗಳದ ಕಟ್ಟಡದಲ್ಲಿ ಚು ವನ್ ಆನ್ ಅವರ ಪ್ರತಿಮೆ ಇದೆ. 14ನೇ ಶತಮಾನದಲ್ಲಿ ಈ ವಿದ್ಯಾಪೀಠದ ಮುಖ್ಯಸ್ಥರಾಗಿದ್ದ ಅವರು, ಏಳು ಮಂದಿ ದುಷ್ಟ ಆಸ್ಥಾನಿಕರ ತಲೆ ತೆಗೆಸಬೇಕೆಂದು ರಾಜನಿಗೆ ಅರ್ಜಿ ಕೊಟ್ಟರು. ರಾಜ ಕಿವಿಗೊಡದಿದ್ದಾಗ ಹುದ್ದೆ ಬಿಟ್ಟು ಗುಡ್ಡದ ಸೀಮೆಗೆ ಹೋಗಿ ಪಾಠ ಹೇಳಿಕೊಂಡಿದ್ದರು. ಮೇಷ್ಟರೆಂದರೆ ಹೀಗಿರಬೇಕು ಎಂದು ಆ ನಾಡು ಇಂದಿಗೂ ಅವರನ್ನೇ ತೋರಿಸುತ್ತದೆ. ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ನೀವು ಹೋಗುವ ವಾರ ಮಕ್ಕಳು ಗುರುಗಳಿಗೆ ಹೂವು ಕೊಡುವುದನ್ನು ಕಾಣಬಹುದು. ಯಾರಾದರೂ ಮಾತಾಡಿಸಿದರೆ ನೀವೂ ಟೀಚರ್ ಎಂದು ಹೇಳಿ. ಆ ಒಂದು ಪದಕ್ಕೆ ನಿಮ್ಮ ಇಂಗ್ಲಿಷ್ ಸಾಕು.

ಮಧ್ಯಾಹ್ನ ಊಟ ಮಾಡಿ ರೂಮಿಗೆ ಹೋಗಿ ಮಲಗಿ. ಮಗ ಹೇಳಿದ ರೆಸ್ಟ್ ಅದೇ, ಸಮಯ ಮಾತ್ರ ನಿಮ್ಮದು.

ಮೂರು ಗಂಟೆಗೆ ಕೆರೆಯ ದಕ್ಷಿಣಕ್ಕಿರುವ ಲಿ ಥುವೊಂಗ್ ಕಿಯೆಟ್ ಬೀದಿಯ ಮಹಿಳಾ ವಸ್ತುಸಂಗ್ರಹಾಲಯ. ಬೆಳಗ್ಗೆ ನೋಡಿದ 82 ಕಲ್ಲುಗಳ ಮೇಲೆ ಒಂದು ಹೆಣ್ಣಿನ ಹೆಸರೂ ಇಲ್ಲ; ಹೆಂಗಸರು ಆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅವರೇನು ಮಾಡುತ್ತಿದ್ದರು ಎಂಬುದಕ್ಕೆ ಉತ್ತರ ಇಲ್ಲಿದೆ: ಮದುವೆ, ಬಾಣಂತನ, ನೇಯ್ಗೆ, ಬೇಸಾಯ, ಯುದ್ಧದ ದಿನಗಳು, ಹೊರೆ ಹೊತ್ತು ಬೀದಿಯಲ್ಲಿ ಮಾರುವ ವ್ಯಾಪಾರ. ವಿವರಗಳು ಇಂಗ್ಲಿಷಿನಲ್ಲೂ ಇವೆ, ನಿಧಾನವಾಗಿ ಓದಿ. ಎರಡೂ ಜಾಗಗಳನ್ನು ಒಂದೇ ದಿನ ನೋಡಿ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೇ. ಹೊರಗೆ ಬಂದ ಮೇಲೆ ಫುಟ್‌ಪಾತಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಬ್ಬರೇ ಕೂತು ವ್ಯಾಪಾರ ಮಾಡುವ ಅಜ್ಜಿಯರನ್ನು ನೋಡಿ. ಒಬ್ಬ ಹೆಂಗಸು ಒಬ್ಬಳೇ ಬೀದಿಯಲ್ಲಿರುವುದು ಆ ಊರಿಗೆ ದಿನದ ಮಾತು. ನಿಮ್ಮನ್ನು ತಿರುಗಿ ನೋಡುವವರಿದ್ದರೆ ಸೀರೆಯ ಅಂದಕ್ಕೆ ನೋಡಿಯಾರು.

ಐದರೊಳಗೆ ಕೆರೆಯ ಬಳಿ ವಾಪಸು. ಕತ್ತಲಾದ ಮೇಲೆ ಏನಾದರೂ ಬೇಕೆನಿಸಿದರೆ, ಕೆರೆಯ ಈಶಾನ್ಯ ಮೂಲೆಯಲ್ಲಿ ಥಂಗ್ ಲಾಂಗ್ ರಂಗಮಂದಿರವಿದೆ, ನೀರಿನ ಮೇಲೆ ಗೊಂಬೆಯಾಟ ಆಡಿಸುತ್ತಾರೆ. ಕೆಂಪು ನದಿಯ ಬಯಲಿನ ಗದ್ದೆ ಸೀಮೆಯಲ್ಲಿ ಹುಟ್ಟಿದ ಕಲೆ. ಒಂದು ಗಂಟೆಯೊಳಗೆ ಮುಗಿಯುತ್ತದೆ, ಭಾಷೆ ಬೇಕಿಲ್ಲ. ಟಿಕೆಟನ್ನು ಹೋಟೆಲಿನವರಿಗೆ ಹೇಳಿ ಮೊದಲೇ ತರಿಸಿಕೊಳ್ಳಿ.

ಮರುದಿನ ಬೆಳಗ್ಗೆಯೂ ನಿಮ್ಮದೇ. ಹಳೇ ಪೇಟೆ ಗೋಜಲು, ಆದರೆ ಒಂದೇ ಬೀದಿ ಹಿಡಿದರೆ ತಪ್ಪಲು ಸಾಧ್ಯವಿಲ್ಲ. ಕೆರೆಯ ಉತ್ತರ ತುದಿಯಿಂದ ಹೊರಟ ಬೀದಿ ಹಾಂಗ್ ದಾವ್, ಹಾಂಗ್ ಙಾಂಗ್, ಹಾಂಗ್ ದುವೊಂಗ್ ಎಂದು ನಾಲ್ಕು ಹೆಜ್ಜೆಗೊಮ್ಮೆ ಹೆಸರು ಬದಲಿಸುತ್ತಾ ಡೊಂಗ್ ಸುವಾನ್ ಮಾರುಕಟ್ಟೆಗೆ ಮುಟ್ಟಿಸುತ್ತದೆ. ಹೆಸರು ಬದಲಾಯಿತೆಂದು ಗಾಬರಿಯಾಗಬೇಡಿ, ಬೀದಿ ಅದೇ. ಮಾರುಕಟ್ಟೆಗೆ ಮುಂಚೆ ಎಡಕ್ಕೆ ಹಾಂಗ್ ಮಾ ಬೀದಿ. ಅಲ್ಲಿ ಹಿರಿಯರಿಗೆಂದು ಸುಡಲು ಕಾಗದದ ಬಟ್ಟೆ, ಕಾಗದದ ಮನೆ, ಕಾಗದದ ನೋಟು ಮಾರುತ್ತಾರೆ. ಅದನ್ನು ಕಂಡಾಗ ಯಜಮಾನರ ನೆನಪು ನುಗ್ಗಬಹುದು. ಗುಂಪಿನಲ್ಲಿದ್ದಾಗ ನುಂಗಿಕೊಂಡದ್ದು ಒಬ್ಬರೇ ಇದ್ದಾಗ ಮೇಲೆ ಬರುತ್ತದೆ. ಬಂದರೆ ಎಲ್ಲಾದರೂ ಕೂತು ಅತ್ತುಬಿಡಿ. ಇದರಿಂದ ‘ಒಬ್ಬಳೇ ಬರಬಾರದಿತ್ತು’ ಎಂಬ ತೀರ್ಮಾನಕ್ಕೆ ಬರಬೇಡಿ. ಬೀದಿ ಬೇಡವೆನಿಸಿದರೆ ಕಾರಿನಲ್ಲಿ ಪಶ್ಚಿಮ ಕೆರೆಯ ತ್ರಾನ್ ಕುವೊಕ್ ಪಗೋಡಾಕ್ಕೆ ಹೋಗಿ. 1959ರಲ್ಲಿ ನಮ್ಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಒಯ್ದ ಬೋಧಿವೃಕ್ಷದ ಸಸಿ ಅಲ್ಲಿ ಹೆಮ್ಮರವಾಗಿದೆ.

ಎಚ್ಚರಿಕೆಯ ನಾಲ್ಕು ಮಾತು. ಹೊಡೆದು ದೋಚುವುದು ಅಲ್ಲಿ ಅಪರೂಪ. ಪೀಡೆಯೆಂದರೆ ಜೇಬುಗಳ್ಳತನ ಮತ್ತು ಹೆಚ್ಚು ದುಡ್ಡು ಕೀಳುವುದು. ಚೀಲವನ್ನು ರಸ್ತೆಯ ಕಡೆಗಲ್ಲ, ಗೋಡೆಯ ಕಡೆಗೆ ಹಾಕಿಕೊಳ್ಳಿ; ರಸ್ತೆಯ ಅಂಚಿನಲ್ಲಿ ಮೊಬೈಲ್ ಹಿಡಿದು ನಿಲ್ಲಬೇಡಿ. ಹಣ್ಣಿನ ಅಡ್ಡೆಯನ್ನು ನಿಮ್ಮ ಹೆಗಲಿಗಿಟ್ಟು ಫೋಟೊ ತೆಗೆಸಿ ದುಡ್ಡು ಕೇಳುತ್ತಾರೆ, ಕೇಳದೆಯೇ ಚಪ್ಪಲಿ ಹೊಲಿಯಲು ಕೂರುತ್ತಾರೆ. ನಕ್ಕು, ತಲೆ ಅಲ್ಲಾಡಿಸಿ, ಮುಂದೆ ನಡೆಯಿರಿ. ರೂಪಾಯಿಗೆ ಹತ್ತಿರಹತ್ತಿರ 300 ಡಾಂಗ್ ಆದ್ದರಿಂದ ಸೊನ್ನೆಗಳು ತಲೆ ತಿರುಗಿಸುತ್ತವೆ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ ಛಾಯೆಯವು. ಬೇರೆ ಬೇರೆ ಜೇಬಿನಲ್ಲಿಡಿ. ಪಾಸ್‌ಪೋರ್ಟ್ ಹೋಟೆಲಿನಲ್ಲಿರಲಿ, ಅದರ ನಕಲು ಮತ್ತು ಹೋಟೆಲಿನ ಕಾರ್ಡು ನಿಮ್ಮ ಜೊತೆಗಿರಲಿ. ದಾರಿ ತಪ್ಪಿದರೆ ಕಾರ್ಡು ತೋರಿಸಿ ಟ್ಯಾಕ್ಸಿ ಹತ್ತುವುದು, ಅಷ್ಟೇ ಕೆಲಸ. ಪೊಲೀಸರಿಗೆ 113, ಆಂಬುಲೆನ್ಸಿಗೆ 115. ಬಿಪಿ, ಸಕ್ಕರೆಯ ಮಾತ್ರೆ ಇದ್ದರೆ ಆ ದಿನದ್ದು ಚೀಲದಲ್ಲಿರಲಿ. ಯಾರಾದರೂ ವಯಸ್ಸು ಕೇಳಿದರೆ ಬೇಸರಿಸಬೇಡಿ. ಅಕ್ಕ ಅನ್ನಬೇಕೋ ಅಜ್ಜಿ ಅನ್ನಬೇಕೋ ಎಂದು ತಿಳಿದುಕೊಳ್ಳಲು ಕೇಳುತ್ತಾರೆ.

ಕೊನೆಯದಾಗಿ ಮಗನ ವಿಷಯ. ಅವನ ಮಾತಿನಲ್ಲಿ ಅಧಿಕಾರಕ್ಕಿಂತ ದೂರದಲ್ಲಿರುವವನ ದಿಗಿಲು ಹೆಚ್ಚಿದೆ. ದಿಗಿಲನ್ನು ವಾದದಿಂದ ಕಳೆಯಲಾಗದು, ವಿವರದಿಂದ ಕಳೆಯಬಹುದು. ‘ಹೋಗಲಾ?’ ಎಂದು ಕೇಳಬೇಡಿ. ‘ಶನಿವಾರ ಬೆಳಗ್ಗೆ ಇಲ್ಲಿ, ಮಧ್ಯಾಹ್ನ ರೂಮು, ಮೂರಕ್ಕೆ ಅಲ್ಲಿ, ಒಂದು ಗಂಟೆಗೆ ಮತ್ತು ಏಳಕ್ಕೆ ಮೆಸೇಜ್ ಹಾಕುತ್ತೇನೆ, ನಡುವೆ ಫೋನ್ ಮಾಡಬೇಡ’ ಎಂದು ಹೇಳಿ. ಬೇಕಿದ್ದರೆ ಮೊಬೈಲಿನಲ್ಲಿ ನೀವಿರುವ ಜಾಗ ಅವನಿಗೆ ಕಾಣುವಂತೆ ಮಾಡಿ. ಹಾಗೆಯೇ ನಿಮಗೂ ಒಂದು ರಿಯಾಯಿತಿ ಕೊಟ್ಟುಕೊಳ್ಳಿ: ಆ ದಿನ ಮಂಡಿ ನೋವು ಬಂತು, ಮನಸ್ಸು ಏಳಲಿಲ್ಲ ಎಂದರೆ ಕೆರೆಯ ದಂಡೆಯಲ್ಲಿ ಕಾಫಿ ಕುಡಿದು ಬನ್ನಿ. ಯಾರಿಗೂ ಹಾಜರಿ ಒಪ್ಪಿಸಬೇಕಿಲ್ಲ.

ಮೈಸೂರಿಗೆ ಮುಂದಿನ ಭಾನುವಾರವೇ ಹೋಗಿಬನ್ನಿ. ಹೋಗಿ ಬಂದ ಮೇಲೂ ಭಯ ಹೀಗೇ ಇದ್ದರೆ ಮತ್ತೆ ಬರೆಯಿರಿ. ಆಗ ಬೇರೆ ದಾರಿ ಯೋಚಿಸೋಣ.